ಅಂಗಾಲಿನ ಪ್ರಯಾಣ

ಇನ್ನೊಬ್ಬರಿಗೆ ಕಾಯಿಲೆಯಿತ್ತೆಂದು ಕೇಳಿ ನಾನು ಕುಣಿದಾಡುವಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಒಂದೇ ಸಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಬಲ ಅಂಗಾಲಿನಲ್ಲಿ ಕಪ್ಪು ಮಚ್ಚೆ ಮೂಡಿದಾಗ ನಾನು ಹೆದರಲಿಲ್ಲ, ಹಿಗ್ಗಿದೆ. ಅದು ದೂರಪ್ರಯಾಣದ ಲಕ್ಷಣವೆಂದು ಸಾಮುದ್ರಿಕ ಬಲ್ಲ ನಮ್ಮ ತಾತ ಹೇಳುತ್ತಿದ್ದರು. ದುರ್ಗಿಗುಡಿಯ ಮನೆಯಿಂದ ಶಾಲೆಗೆ ಹೋಗಿ ಸಂಸ್ಕೃತ ಪಾಠ ಹೇಳಿ ಬರುವ ನಾನು, ಹತ್ತಿರದ ಗಾಜನೂರಿನಲ್ಲಿ ಅಣೆಕಟ್ಟು ಕಟ್ಟುವುದನ್ನು ನೋಡಿಬಂದದ್ದನ್ನೇ ವರ್ಷವಿಡೀ ವರ್ಣಿಸಿದವನು. ಮಚ್ಚೆ ದೊಡ್ಡದಾದಂತೆ ಕಾಶಿ ಹತ್ತಿರವಾಗುತ್ತಾ ಬಂತು. ಅದು ಒಡೆದು ರಕ್ತ ಬಂದಾಗ ಹೆಂಡತಿ ಸಾವಿತ್ರಿ ಡಾಕ್ಟರ ಬಳಿಗೆ ಎಳೆದೊಯ್ದಳು. ಅವರು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಮೆಲನೋಮ ಎಂದರು. ಚರ್ಮದ ಕ್ಯಾನ್ಸರ್, ಬೆಂಗಳೂರಿಗೆ ಹೋಗಿ ಕತ್ತರಿಸಿ ತೆಗೆಸಬೇಕು. ಅಂತೂ ಪ್ರಯಾಣ ನಿಜವಾಯಿತು.

ಒಂದೊಂದು ವಸ್ತುವಿಗೆ ಹತ್ತು ಹೆಸರು ಬಾಯಿಪಾಠ ಮಾಡಿಸುತ್ತಿದ್ದ ನನಗೆ ಈ ಒಂದು ಹೆಸರಿನ ಅರ್ಥ ಹೇಳುವವರಿರಲಿಲ್ಲ. ಕಾಲೇಜಿನ ಲೈಬ್ರರಿಯ ದಪ್ಪ ಪುಸ್ತಕದಲ್ಲಿ ಒಂದು ಪ್ಯಾರಾ ಸಿಕ್ಕಿತು. ಅದರ ಕೊನೆಯ ವಾಕ್ಯವನ್ನು ಸಾವಿತ್ರಿಗೆ ಓದಿ ಹೇಳಲಿಲ್ಲ. ಕತ್ತರಿಸಿಕೊಂಡವನು ಬದುಕುತ್ತಾನೆಯೇ, ನಡೆಯುತ್ತಾನೆಯೇ? ಅದು ತಿಳಿಯದೆ ಆಪರೇಷನ್ನಿಗೆ ಒಪ್ಪಲು ಧೈರ್ಯ ಬರಲಿಲ್ಲ.

ನಾನು ದಿನ ದೂಡುವುದನ್ನು ಕಂಡ ಡಾಕ್ಟರು, ನನ್ನೊಡನೆ ಮಾತಾಡಲು ಒಬ್ಬರನ್ನು ಕೇಳಿ ಒಪ್ಪಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪೆರುಮಾಳ್. ಇದೇ ರೋಗ, ಇದೇ ಅಂಗಾಲು, ಆಪರೇಷನ್ ಆಗಿ ಆರು ವರ್ಷ. ಆರು ವರ್ಷ! ಸಂತೋಷಕ್ಕೆ ಡಾಕ್ಟರ ಮೇಜನ್ನೇ ಗುದ್ದಿದೆ.

ಭಾನುವಾರ ಸಾವಿತ್ರಿಯೂ ನಾನೂ ಮೊದಲ ರೈಲಿಗೇ ಹೊರಟೆವು. ಪೆರುಮಾಳ್ ಕ್ವಾರ್ಟರ್ಸಿನ ಬಾಗಿಲಲ್ಲಿ ಕಾಯುತ್ತಿದ್ದರು. ಕುಶಲ ಕೇಳುವುದನ್ನೂ ಮರೆತು ಅಂಗಾಲು ತೋರಿಸಿ ಎಂದೆ.

“ಬೇಡ ಸಾಮಿ, ಮೇಷ್ಟ್ರ ಮುಂದೆ ಕಾಲೆತ್ತೋದಾ?” ಎಂದು ಅವರು ಹಿಂಜರಿದರು.

ನಾನು ನೆಲದಲ್ಲಿ ಕೂತು ಅವರ ಪಾದವನ್ನು ಮಡಿಲಿಗೆ ಎಳೆದುಕೊಂಡೆ. ತೊಡೆಯ ಚರ್ಮ ತೆಗೆದು ಹಾಕಿದ ತೇಪೆ ನುಣ್ಣಗಿತ್ತು. ನಲ್ಲಿಯ ಬಳಿಯ ಹೆಂಗಸರು ಕೊಡ ಇಳಿಸಿ ನಮ್ಮನ್ನೇ ನೋಡಿದರು. ಪೆರುಮಾಳ್ ಅಂಗಳದಲ್ಲಿ ನಾಲ್ಕು ಸುತ್ತು ನಡೆದು ತೋರಿಸಿದರು.

“ಮೂರು ತಿಂಗಳು ಅಳ್ತೀರಿ ಸಾಮಿ. ಆಮೇಲೆ ಯಾವ ಚಪ್ಪಲಿ ಹಾಕೋದು ಅಂತ ಯೋಚ್ನೆ ಮಾಡ್ತೀರಿ.”

ಆ ತಿಂಗಳೇ ಬೆಂಗಳೂರಿಗೆ ಹೋದೆ. ಅತ್ತದ್ದು ನಾಲ್ಕು ತಿಂಗಳು.

ಅದಾಗಿ ಕೆಲವು ವರ್ಷಗಳೇ ಕಳೆದಿವೆ. ಮೊನ್ನೆ ಹೊಳಲೂರಿನ ಹೆಂಗಸೊಬ್ಬಳು ಅದೇ ಡಾಕ್ಟರ ಚೀಟಿ ಹಿಡಿದು ಬಂದಳು. ಎಷ್ಟೋ ಶಿಷ್ಯರು ನನ್ನ ಪಾದ ಮುಟ್ಟಿ ನಮಸ್ಕರಿಸಿದ್ದಾರೆ. ಅದರಿಂದ ಯಾರಿಗೇನು ಸಿಕ್ಕಿತೋ ಕಾಣೆ. ಈಕೆ ಮಾತ್ರ ಅಂಗಾಲನ್ನು ದಿಟ್ಟಿಸಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಸ್ವಲ್ಪ ನಡೆದು ತೋರಿಸ್ತೀರಾ ಮೇಷ್ಟ್ರೇ?”

ಹಿತ್ತಲ ತನಕ, ಅಲ್ಲಿಂದ ಬೀದಿಬಾಗಿಲ ತನಕ ನಡೆದೆ. ತಾತ ಹೇಳಿದ ದೂರಪ್ರಯಾಣ ಇದೇ ಇರಬೇಕು.