ಕರೆಂಟ್ ಕಮ್ಮಿ ತಿನ್ನುವ ಪ್ರೊಸೆಸರ್

ಹೋದ ವರ್ಷ ದೀಪಾವಳಿ ಮುಗಿದ ವಾರ ಗೇಮ್ ಆಡಲೆಂದು ನಾನೊಂದು ಲ್ಯಾಪ್‌ಟಾಪ್ ಕೊಂಡೆ. ನನಗೆ ನಲವತ್ತೆಂಟು ವರ್ಷ. ನಗುವುದಾದರೆ ನಗಿ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಮಹದೇವಪುರದಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಅವುಗಳ ಉಸ್ತುವಾರಿಯೆಲ್ಲ ನನ್ನದೇ. ಯಾರ ಮನೆ ಗೀಸರ್ ಎಷ್ಟು ಹೊತ್ತು ಉರಿಯುತ್ತದೆ, ಯಾರ ಮೀಟರ್ ಜೋರಾಗಿ ಓಡುತ್ತದೆ ಎಂದು ಕಣ್ಣಿಡುವುದು ರಕ್ತದಲ್ಲೇ ಬಂದುಬಿಟ್ಟಿದೆ. ಮೂರನೇ ಮಹಡಿಯ ಸಿಂಧು ಪರಿಚಯವಾದದ್ದೂ ಹೀಗೆಯೇ. "ಏನಮ್ಮಾ, ಮನೇಲಿ ಹಿಟ್ಟಿನ ಗಿರಣಿ ಇಟ್ಟಿದ್ದೀಯಾ? ಮೀಟರ್ ಈ ಪಾಟಿ ಓಡ್ತಿದೆ" ಎಂದು ಜಗಳಕ್ಕೆ ಮೇಲೆ ಹತ್ತಿದರೆ, ಗದಗ ಕಡೆಯ ಆ ಹುಡುಗಿ ಗುಂಯ್ ಎನ್ನುವ ಲ್ಯಾಪ್‌ಟಾಪ್ ಮುಂದೆ ಕೂತು ಆಟ ಆಡುತ್ತಿದ್ದಳು. "ಬೈಯೂದು ಆಮ್ಯಾಲೆ ಬೈರಿ ಅಕ್ಕಾ, ಮೊದ್ಲ ಕುಂದರ್ರಿ" ಎಂದಳು. ಕೂತೆ. ಆಮೇಲೆ ಎರಡು ವರ್ಷ, ಅವಳು ಕೆಲಸದಿಂದ ಬಂದ ಎಷ್ಟೋ ಸಂಜೆ ಅಲ್ಲೇ ಕೂತಿದ್ದೇನೆ.

ಆ ಆಟದಲ್ಲಿ ಕಾಡಿನಲ್ಲಿ ಅಲೆದು, ಮರ ಕಡಿದು ತಂದು ಗುಡಿಸಲು ಕಟ್ಟಬೇಕು. ಅವಳು ಆಡುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, "ಆ ಕಡೆ ಹೋಗೇ, ಅಲ್ಲಿ ಒಳ್ಳೇ ಮರ ಇದೆ" ಎಂದು ಯಜಮಾನಿಕೆ ಮಾಡುತ್ತಿದ್ದೆ. ಒಮ್ಮೊಮ್ಮೆ ನನ್ನ ಕೈಗೂ ಕೊಡುತ್ತಿದ್ದಳು. ನಾನು ಹೊಳೆಗೆ ಬಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳಿಗೆ ಜಿಗಣಿ ಕಡೆ ಹೊಸ ಕೆಲಸ ಸಿಕ್ಕಿತು. "ಒಂದೇ ಊರಲ್ರೀ ಅಕ್ಕಾ, ಬರ್ತಿರ್ತೀನಿ" ಎಂದು ಹೋದಳು. ಒಂದೇ ಊರೇನೋ ಹೌದು. ಆದರೆ ನಡುವೆ ರಿಂಗ್ ರೋಡಿನ ಟ್ರಾಫಿಕ್ಕಿದೆ. ವರ್ಷ ಕಳೆದರೂ ಅವಳು ಬರಲಿಲ್ಲ, ನಾನೂ ಹೋಗಲಿಲ್ಲ. ಇಬ್ಬರ ಹತ್ತಿರವೂ ಲ್ಯಾಪ್‌ಟಾಪ್ ಇದ್ದರೆ ಬೇರೆ ಬೇರೆ ಮನೆಯಿಂದಲೇ ಜೊತೆಯಾಗಿ ಆಡಬಹುದು ಎಂದು ಅವಳು ಹೇಳಿದ್ದು ನೆನಪಾಯಿತು. ಅವಳಿಗೆ ತಿಳಿಸದೆ ಕೊಂಡು, ದಂಗುಬಡಿಸಬೇಕು ಅನಿಸಿತು.

ಅಂಗಡಿಯವನು ಒಂದೇ ಥರ ಕಾಣುವ ಎರಡು ಲ್ಯಾಪ್‌ಟಾಪ್ ತೆರೆದಿಟ್ಟ. "ಮಗನಿಗಾ ಮೇಡಂ?" ಎಂದ. ನನಗೆ ಮಕ್ಕಳಿಲ್ಲ. ಆದರೂ "ಹೂಂ" ಎಂದೆ.

"ಒಳಗಿರೋ ಪ್ರೊಸೆಸರ್ ಬೇರೆ ಬೇರೆ ಮೇಡಂ. ಇದು ಗೇಮ್‌ಗೆ ಅಂತಾನೇ ಬರೋದು, ಸಕ್ಕತ್ ಸ್ಪೀಡು. ಆದ್ರೆ ಬಿಸಿ ಆಗತ್ತೆ, ಕರೆಂಟ್ ಜಾಸ್ತಿ ತಗೊಳತ್ತೆ. ಅದು ಕಮ್ಮಿ ತಗೊಳತ್ತೆ, ಬ್ಯಾಟರಿ ಚೆನ್ನಾಗಿ ಬರತ್ತೆ. ಮಗ ಯಾವ ಗೇಮ್ ಆಡ್ತಾನೆ? ಬೇಕಿದ್ರೆ ಫೋನ್ ಮಾಡಿ ಕೇಳ್ಬಿಡಿ."

ಇಲ್ಲದ ಮಗನಿಗೆ ಎಲ್ಲಿಂದ ಫೋನ್ ಮಾಡಲಿ? ಅಲ್ಲಿಂದ ಹೊರಟರೆ ಸಾಕಾಗಿತ್ತು. ಮೇಲಾಗಿ 'ಕರೆಂಟ್ ಕಮ್ಮಿ' ಎಂದ ಕೂಡಲೇ ನನ್ನೊಳಗಿನ ಓನರಮ್ಮ ಎದ್ದು ನಿಂತಿದ್ದಳು. "ಅದೇ ಕೊಡಿ" ಎಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಸಿಂಧುಗೆ ಫೋನ್ ಮಾಡಿದೆ. ವಿಷಯ ಕೇಳಿ ಕಿರುಚಿಯೇಬಿಟ್ಟಳು. ಫೋನಿನಲ್ಲೇ ಹೇಳಿಕೊಟ್ಟು ಆಟ ಹಾಕಿಸಿದಳು. ಕಾಡು ಬಂತು, ದೂರದಲ್ಲಿ ಅವಳ ಬೊಂಬೆ ನನ್ನತ್ತ ಕೈ ಬೀಸಿತು. ನಾನು ಒಂದು ಹೆಜ್ಜೆ ಇಟ್ಟೆನೋ ಇಲ್ಲವೋ, ಎಲ್ಲ ನಿಂತುಹೋಯಿತು. ಮತ್ತೆ ಅಲುಗಾಡಿತು, ಮತ್ತೆ ನಿಂತಿತು. ಅವಳು ಪ್ರೊಸೆಸರ್ ಹೆಸರು ಓದಿಸಿದಳು.

"ಅಕ್ಕಾ, ಇದು ಆಫೀಸ್ ಕೆಲ್ಸಕ್ಕ ಚಲೋ ಐತ್ರಿ, ಈ ಆಟಕ್ಕ ದಮ್ ಸಾಲಂಗಿಲ್ಲ. ಯಾಕ ತಗೊಂಡ್ರಿ ಇದನ್ನ?"

"ಕರೆಂಟ್ ಕಮ್ಮಿ ತಿನ್ನತ್ತಂತೆ ಕಣೇ."

ಆ ಕಡೆಯಿಂದ ಬಂತು ನೋಡಿ, ಅದೇ ನಗು! ಅದನ್ನು ಕೇಳಿ ಎಷ್ಟು ದಿನವಾಗಿತ್ತೋ, ನನಗೆ ಕಣ್ಣು ತುಂಬಿಬಂತು. ಪ್ರೊಸೆಸರ್ ಬದಲಾಯಿಸಲು ಬರುವುದಿಲ್ಲವಂತೆ. "ಇರ್ರಿ, ಆಟದಾಗಿನ ಅಲಂಕಾರ ಒಂದೊಂದ ಆಫ್ ಮಾಡೂಣು, ಭಾರ ಕಮ್ಮಿ ಆಕ್ಕೈತಿ" ಎಂದಳು. ಮೊದಲು ನೆರಳು ತೆಗೆಸಿದಳು. ಆಮೇಲೆ ಹುಲ್ಲು, ಆಮೇಲೆ ಹೊಳೆಯ ಮಿಂಚು, ದೂರದ ಬೆಟ್ಟ. ಕೊನೆಗೆ ಬೋಳು ನೆಲದ ಮೇಲೆ ನಾವಿಬ್ಬರೇ ಉಳಿದೆವು. ಆಗ ನನ್ನ ಬೊಂಬೆ ನಡೆಯಿತು.

ಅರ್ಧ ಗಂಟೆ ಜೊತೆಯಲ್ಲಿ ಅಲೆದೆವು. ನಾನು ಹೊಳೆಗೂ ಬಿದ್ದೆ. "ಇನ್ಮೇಲೆ ಪ್ರತಿ ಭಾನುವಾರ ಆಡೋಣ್ವೇನೇ?" ಎಂದೆ. ಅವಳ ಬೊಂಬೆ ನನ್ನತ್ತ ತಿರುಗಿ ನಿಂತಿತು.

"ಅಕ್ಕಾ, ನಾ ಆಡೂದು ಬಿಟ್ಟು ಭಾಳ ದಿನ ಆತ್ರಿ. ಒಬ್ಬಾಕೀನ ಆಡಾಕ ಮನಸ್ಸಾಗ್ಲಿಲ್ಲ. ಇವತ್ತ ನೀವು ಕರದ್ರಿ ಅಂತ ಮತ್ತ ಹಾಕ್ಕೊಂಡೆ. ಇವತ್ತೊಂದ ದಿನ ರಜಾ ಸಿಕ್ಕಿತ್ತು, ಈಗ ಭಾನುವಾರನೂ ಡ್ಯೂಟಿ ಇರ್ತೈತ್ರಿ."

"ಆಯ್ತು ಬಿಡು, ಕೆಲಸ ನೋಡ್ಕೋ" ಎಂದೆ, ಏನೂ ಆಗದವಳ ಹಾಗೆ.

ನನಗೆ ಆಟ ಬೇಕಿರಲಿಲ್ಲ, ಅವಳ ಪಕ್ಕ ಕೂರುವುದು ಬೇಕಿತ್ತು. "ನಿನ್ನನ್ನು ನೋಡಬೇಕು ಅನಿಸ್ತಿದೆ, ಒಂದ್ಸಲ ಬಂದು ಹೋಗೇ" ಎಂದಿದ್ದರೆ ಅವಳು ಎರಡು ಬಸ್ ಬದಲಾಯಿಸಿಯಾದರೂ ಬರುತ್ತಿದ್ದಳೋ ಏನೋ. ಅಷ್ಟು ಹೇಳಲು ನಾಚಿಕೆಪಟ್ಟು ಲ್ಯಾಪ್‌ಟಾಪ್ ಕೊಂಡವಳು ನಾನು. ಆ ಮಾತನ್ನು ಇವತ್ತಿಗೂ ಹೇಳಿಲ್ಲ.