ಸೀರೆ ಉಟ್ಟ ಬೇವು

ಎಣ್ಣೆ ಸವರಿದ ಹಳೆಯ ಚರ್ಮದ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ನಗು ಬರುತ್ತದೆ, ಹಿಂದೆಯೇ ಆ ನಗುವಿನ ಮೇಲೆ ಅಸಹ್ಯ ಬರುತ್ತದೆ. ಅದು ನಮ್ಮ ಬಸು ಕಾಕಾನ ಕ್ಯಾಮೆರಾ ಚೀಲದ ವಾಸನೆ. ಕಾಕಾ ಅಂದರೆ ಅಪ್ಪನ ತಮ್ಮ. ಹುಬ್ಬಳ್ಳಿಯ ಯಾವುದೋ ಸ್ಟುಡಿಯೋದಲ್ಲಿ ಎರಡು ವರ್ಷ ಬಾಟಲಿ ತೊಳೆದು, ಎಂಬತ್ತರ ದಶಕದ ಮೊದಲಲ್ಲಿ ಊರಿಗೆ ಮರಳಿದಾಗ ಒಂದು ಪೆಟ್ಟಿಗೆ ಕ್ಯಾಮೆರಾವನ್ನೂ ಅದಕ್ಕಿಂತ ದೊಡ್ಡ ಸೊಕ್ಕನ್ನೂ ಹೊತ್ತು ತಂದಿದ್ದ. ನವಲಗುಂದದ ಆಚೆ, ಎರಿ ಮಣ್ಣಿನ ಕಪ್ಪು ಹೊಲಗಳ ನಡುವಿನ ನಮ್ಮೂರಿನಲ್ಲಿ ಮಂದಿ ಮದುವೆಗೊಮ್ಮೆ, ಸತ್ತಾಗೊಮ್ಮೆ ಫೋಟೋ ತೆಗೆಸುತ್ತಿದ್ದರು. ಈ ಮಹಾಶಯ ಮುಖ ತೆಗೆಯುವ ಆ ಕೆಲಸವನ್ನೂ ಒಲ್ಲೆ ಅಂದ. "ಮಾರಿ ತಗಿಯೂದು ಹೊಟ್ಟಿಪಾಡು. ಗಿಡ ತಗಿಯೂದು ಕಲಾ" ಅನ್ನುತ್ತಿದ್ದ. ಕೋಳಿ ಕೂಗುವ ಮೊದಲೇ ಎದ್ದು, ಇಬ್ಬನಿಗೆ ತೊಯ್ದ ಜೋಳದ ಹೊಲದಲ್ಲಿ ಮೊಣಕಾಲತನಕ ಮಣ್ಣು ಮೆತ್ತಿಕೊಂಡು ನಿಂತು ಒಂಟಿ ಬನ್ನಿ ಗಿಡವನ್ನೋ ಜಾಲಿಯನ್ನೋ ಕಾಯುತ್ತಿದ್ದ. ನಮ್ಮ ಬಯಲಿನಲ್ಲಿ ಸೂರ್ಯನಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಬೆಳಕು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಹರಿದು ಬಂದು ಗಿಡದ ಬುಡ, ತುದಿ ಎರಡನ್ನೂ ಒಂದೇ ಏಟಿಗೆ ಮುಟ್ಟುತ್ತದೆ. ಕಾಕಾನಿಗೆ ಬೇಕಾದದ್ದು ಆ ಒಂದು ಗಳಿಗೆ. ಇವತ್ತು ಕಾರಿನಲ್ಲಿ ಬಂದು, ಗಿಡಕ್ಕೆ ಬೆನ್ನು ತಿರುಗಿಸಿ, ಫೋನು ಎತ್ತಿ ತಮ್ಮದೇ ಹಲ್ಲಿನ ಫೋಟೋ ತೆಗೆದುಕೊಂಡು ಹೋಗುವ ಪೊಗರಿನವರಿಗಿಂತ ಅವನು ಮೇಲು. ಇದಕ್ಕಿಂತ ಹೆಚ್ಚಿನ ಹೊಗಳಿಕೆ ನನ್ನ ಬಾಯಿಂದ ಅವನಿಗೆ ಸಿಗುವುದಿಲ್ಲ.

ಇಂಥವನನ್ನು ಸುಮ್ಮನೆ ಬಿಡಲು ನಾನೇನು ಕಡಿಮೆಯವನೇ? ಆಗ ನನಗೆ ಹನ್ನೆರಡು ವರ್ಷ. ಇಡೀ ತಾಲೂಕಿನಲ್ಲಿ ನನ್ನಂಥ ಕಿಡಿಗೇಡಿ ಇರಲಿಲ್ಲ, ಈಗಲೂ ಹುಟ್ಟಿಲ್ಲ. ಒಮ್ಮೆ ಹಿಂದಿನ ಸಂಜೆಯೇ ಹೋಗಿ ಬನ್ನಿಯ ನಡು ಟೊಂಗೆಗೆ ಅಜ್ಜನ ಹರಕು ಚಲ್ಲಣ ಕಟ್ಟಿದೆ. ಮಬ್ಬಿನಲ್ಲಿ ಕಾಕಾನಿಗೆ ಕಾಣಲಿಲ್ಲ. ಫೋಟೋ ತೊಳೆದಾಗ ಕಂಡಿತು. ಇನ್ನೊಮ್ಮೆ ಹುಣಸೆಯ ಮೇಲೆ ಮೊದಲೇ ಹತ್ತಿ ಕುಳಿತೆ. ಅವನ 'ಕಲಾ'ದಲ್ಲಿ ಎಲೆಗಳ ನಡುವೆ ನನ್ನ ಎರಡು ಕಾಲು ಜೋತಾಡುತ್ತಿದ್ದವು. ಊರೆಲ್ಲ ನಕ್ಕಿತು. ಹೊಡೆತ ತಿಂದೆ, ಹೆಸರು ಗಳಿಸಿದೆ.

ಮನೆಯ ಹಿತ್ತಲಲ್ಲಿ ಒಂದು ಬೇವು ಇತ್ತು. ಅದನ್ನು ಯಾರೂ ಬೇವು ಅನ್ನುತ್ತಿರಲಿಲ್ಲ, ನೀಲವ್ವ ಅನ್ನುತ್ತಿದ್ದರು. ಆಯಿ, ಅಂದರೆ ಕಾಕಾನ ತಾಯಿ, ನನ್ನ ಅಜ್ಜಿ, ಮೊದಲು ಹೆತ್ತ ಮಗಳ ಹೆಸರು ಅದು. ಮೂರು ವರ್ಷದ ಕೂಸು ಜ್ವರಕ್ಕೆ ಹೋದಾಗ ಹಿತ್ತಲಲ್ಲೇ ಮಣ್ಣು ಮಾಡಿ, ಮೇಲೆ ಸಸಿ ನೆಟ್ಟಿದ್ದರು. ಆ ಮಗುವಿನ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಪ್ರತಿ ನಾಗರ ಪಂಚಮಿಗೆ ಆಯಿ ಆ ಗಿಡಕ್ಕೆ ಕುಪ್ಪಸದ ಖಣ ಏರಿಸಿ, ಉಂಡಿ ಇಟ್ಟು, ಸೊಸೆಯಂದಿರನ್ನು ಬೈಯುವ ಬಾಯಿಂದಲೇ ಮೆತ್ತಗೆ ಏನೋ ಮಾತಾಡುತ್ತಿದ್ದಳು. ಅಷ್ಟರಲ್ಲಿ ಊರಿಗೆ ಕರೆಂಟು ಬಂತು. ತಂತಿಯ ದಾರಿಗೆ ಸರಿಯಾಗಿ ಬೇವು ಅಡ್ಡ ನಿಂತಿತ್ತು.

ಕಡಿಯುವ ಹಿಂದಿನ ದಿನ ಆಯಿ ಕಾಕಾನ ಮುಂದೆ ಬಂದು ಕುಳಿತಳು. "ಬಸೂ, ನಾಳೆ ಮಂದಿ ಬರ್ತಾರ. ಅದಕ್ಕಿಂತ ಮೊದಲ ನಮ್ಮ ನೀಲವ್ವಂದು ಒಂದು ಫೋಟೋ ತಗದು ಕೊಡಪಾ. ನನಗ ಮತ್ತೇನೂ ಬ್ಯಾಡ."

"ನೀಲವ್ವ ಅಲ್ಲಬೇ, ಅದು ಗಿಡ" ಎಂದ ಕಾಕಾ. "ತಗಿತೀನಿ. ರೀಲಿನ್ಯಾಗ ಒಂದ ಉಳದೈತಿ. ಬಿಸಲು ಬೀಳೂ ಹೊತ್ತಿಗೆ ಯಾರೂ ನಡು ಬರಬ್ಯಾಡ್ರಿ, ಅಷ್ಟ."

ಮರುದಿನ ಮುಂಜಾನೆ ಅವನ ಒದರಾಟಕ್ಕೆ ನನಗೆ ಎಚ್ಚರವಾಯಿತು. "ಯಾವನಲೇ ಇದನ್ನ ಮಾಡಿದಂವ?" ಹಿತ್ತಲಿಗೆ ಓಡಿದೆ. ಬೇವು ಹಸಿರು ಇಳಕಲ್ ಸೀರೆ ಉಟ್ಟು ನಿಂತಿತ್ತು. ನಿರಿಗೆ ನೆಟ್ಟಗೆ, ಕೆಂಪು ಸೆರಗು ಟೊಂಗೆಯ ಮೇಲೆ, ಬೊಡ್ಡೆಗೆ ಖಣ, ನನ್ನ ಎತ್ತರಕ್ಕೆ ಕಾಸಿನಗಲ ಕುಂಕುಮ. ಇಷ್ಟು ಚೆಂದದ ಕೀಟಲೆಯನ್ನು ನಾನು ಕನಸಿನಲ್ಲೂ ಮಾಡಿರಲಿಲ್ಲ. ಊರಿನಲ್ಲಿ ನನ್ನನ್ನೂ ಮೀರಿಸಿದವನು ಯಾವನು ಎಂದು ಹೊಟ್ಟೆ ಉರಿಯಿತು. ಕಾಕಾ ನನ್ನ ಕಿವಿ ಹಿಡಿದ. "ನೀನ ಹೌದಲ್ಲೋ?"

ಇಲ್ಲ ಅನ್ನಬಹುದಿತ್ತು. ಒಂದು ಮಾತು. ಆದರೆ ಬೇರೆಯವನ ಹೆಸರಿಗೆ ಇದನ್ನು ಬಿಟ್ಟುಕೊಡಲು ನಾಲಗೆ ಒಪ್ಪಲಿಲ್ಲ. "ಮತ್ತ್ಯಾರು? ನಾನ! ಹೆಂಗದಾಳ ಕಾಕಾ, ಮದಲಗಿತ್ತಿ?"

ಮೂಡಲ ಕೆಂಪಾಗಿತ್ತು. ಬೈಯಲು ಅವನಿಗೆ ಹೊತ್ತಿರಲಿಲ್ಲ. ಒಂದೇ ಜಗ್ಗಿಗೆ ಸೀರೆ ಎಳೆದು ಬೀಸಾಡಿದ, ಖಣ ಕಿತ್ತ, ಅಂಗಿಯ ತೋಳಿನಿಂದ ಕುಂಕುಮ ಒರೆಸಿದ, ಓಡಿಹೋಗಿ ಕ್ಯಾಮೆರಾದ ಹಿಂದೆ ಬಗ್ಗಿದ. ಬೆಳಕು ಬಂತು. ಕ್ಲಿಕ್ ಅಂದಿತು.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಆಯಿ, ಕೈಯಲ್ಲಿ ಆರತಿ ತಟ್ಟೆ. ದೀಪ ಹಚ್ಚಿಕೊಂಡು ಬರಲು ಒಳಗೆ ಹೋಗಿದ್ದಳಷ್ಟೇ. ನನ್ನ ಮುಖದಲ್ಲಿ ಇನ್ನೂ ನಗು ಇತ್ತು, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಮ್ಮಕ್ಕನ್ನ ಬರೇ ಮೈಲೆ ತಗದೆಲ್ಲೋ, ಬಸೂ."

"ಯವ್ವಾ, ಈ ಭಾಡ್ಯಾ ತಾನ ಮಾಡೀನಂದ..."

"ಅಂವ ಅಂತಾನ, ನೀ ನಂಬತಿ. ಸೀರಿ ಯಾರದಂತ ನೋಡಬಾರದಾಗಿತ್ತೇನು? ಫೋಟೋಕ್ಕ ಯಾರರ ಹಾಂಗ ನಿಂದರತಾರೇನು?"

ಅದು ಆಯಿಯ ಮದುವೆಯ ಸೀರೆ. ಮಣ್ಣು ಕೊಡವಿ, ಮಡಿಚಿ, ಒಳಗೆ ಒಯ್ದಳು. ನನಗೆ ಒಂದು ಬೈಗುಳವೂ ಸಿಗಲಿಲ್ಲ. ಮಧ್ಯಾಹ್ನಕ್ಕೆ ಹಿತ್ತಲು ಬಯಲಾಯಿತು.

ಫೋಟೋ ಅದ್ಭುತವಾಗಿ ಬಂದಿತ್ತು. ಸಾಲಿ ಮಾಸ್ತರರು ಹೊಗಳಿದರು, ನೆಂಟರು ಹೊಗಳಿದರು. ತೊಗಟೆಯ ಒಂದೊಂದು ಬಿರುಕೂ ಎಣಿಸುವಂತಿತ್ತು. ಕಾಕಾ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಮರುದಿನ ಅದು ಗೋಡೆಗೆ ಮುಖ ಮಾಡಿತ್ತು. ಅವನು ತಿರುಗಿಸಿದ, ಆಯಿ ಮತ್ತೆ ತಿರುಗಿಸಿದಳು. ಒಂದು ದಿನ ಬಾಜೂ ಮನೆಯ ಶಾಂತವ್ವ ಕೇಳಿಯೇಬಿಟ್ಟಳು: "ಇದೇನಬೇ, ಫೋಟೋ ಹಿಂದ ಮುಂದ ಹಾಕೀರಿ?"

ಆಯಿ ಅಕ್ಕಿ ಆರಿಸುತ್ತಲೇ ಅಂದಳು: "ನಮ್ಮ ನೀಲವ್ವ ಜಳಕಾ ಮಾಡಾಕತ್ತಾಳ. ಈಗ ನೋಡಬಾರದು."

ಶಾಂತವ್ವ ನಕ್ಕಳು. ಕಾಕಾ ನಗಲಿಲ್ಲ. ಅವತ್ತಿನಿಂದ ಅವನು ಆ ಚಿತ್ರವನ್ನು ಮುಟ್ಟಲಿಲ್ಲ. ಬೆಳಗಿನ ಹೊಲಗಳಿಗೂ ಹೋಗಲಿಲ್ಲ. ಮದುವೆಗಳಲ್ಲಿ ಮಂದಿಯ ಮಾರಿ ತೆಗೆಯತೊಡಗಿದ, ಸೀರೆಯ ನಿರಿಗೆ ಸರಿ ಆಗುವ ತನಕ ಕಾಯುತ್ತಿದ್ದ.

ಆಯಿ ಹೋದಳು, ಕಾಕಾನೂ ಹೋದ, ಮನೆಯ ತೊಲೆಗಳನ್ನು ಯಾರೋ ಬಿಚ್ಚಿ ಒಯ್ದರು. ನಿಮ್ಮ ಮನೆಯಿಂದಲೂ ನೀವು ಹೀಗೆ ಒಂದೇ ಒಂದು ವಸ್ತು ಎತ್ತಿಕೊಂಡು ಹೊರಬಿದ್ದಿರಬೇಕು. ನಾನು ಆ ಚಿತ್ರ ತಂದೆ. ನನ್ನ ಗೋಡೆಯ ಮೇಲೂ ಅದು ಬೆನ್ನು ತೋರಿಸಿಕೊಂಡೇ ಇದೆ. ಬಂದವರು ಯಾಕೆ ಎಂದು ಕೇಳುತ್ತಾರೆ. ಸುಳ್ಳು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಬೇಕಾದರೆ ಹತ್ತು ಹೇಳಿಯೇನು. ಆದರೆ ಆಯಿ ಹೇಳಿದ್ದನ್ನೇ ಹೇಳುತ್ತೇನೆ.