ಕೊಡದೆ ಉಳಿದ ಡಬ್ಬಿ

ಅಕ್ಕನ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಹಾಸನದ ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಿನಿಂದ ತಟ್ಟಿ ತಟ್ಟಿ ಹುಡುಕುತ್ತಿದ್ದಳು.

"ಮುಷ್ಟಿ ಬಿಗಿ ಹಿಡ್ಕೊಳ್ಳಿ ಆಂಟಿ."

"ಒಳ್ಗೆ ರಕ್ತ ಇದ್ರೆ ತಾನೆ ನೀನು ತಗಿಯೋದು? ಅದು ಇದ್ಯೋ ಇಲ್ವೋ ನೋಡು ಅಂತ್ಲೇ ಕಣವ್ವ ಡಾಕ್ಟ್ರು ಕಳ್ಸಿರೋದು" ಎಂದಳು ಅಕ್ಕ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಮೂರನೇ ಸಲ ಚುಚ್ಚಿದಾಗ ಸಿಕ್ಕಿತು. ನೇರಳೆ ಮುಚ್ಚಳದ ಟ್ಯೂಬಿಗೆ ಒಂದಿಷ್ಟು, ಕೆಂಪು ಮುಚ್ಚಳದ್ದಕ್ಕೆ ಒಂದಿಷ್ಟು. ನಾನು ಸೂಜಿಯ ಕಡೆ ನೋಡಲಾರದೆ ಅಕ್ಕನ ಉಗುರು ನೋಡುತ್ತಿದ್ದೆ. ಚಮಚದ ಹಾಗೆ ನಡುವೆ ತಗ್ಗಿದ್ದವು. ಒಂದು ಹನಿ ನೀರು ಹಾಕಿದ್ದರೆ ನಿಲ್ಲುತ್ತಿತ್ತೇನೋ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅರಕಲಗೂಡಿನ ನಮ್ಮ ಮನೆಯಿಂದ ಹಾಸನದ ಕಾನ್ವೆಂಟಿಗೆ ಹೋದವಳು ನಾನೊಬ್ಬಳೇ. ಅವಳು ಊರಿನ ಶಾಲೆಯಲ್ಲೇ ಓದಿ, ಹೊಳೆನರಸೀಪುರದ ತೆಂಗಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದಳು. ಮಾತ್ರೆಯ ಪಟ್ಟಿ, ಆಸ್ಪತ್ರೆಯ ಕಾಗದ, ಇಂಗ್ಲಿಷಿನಲ್ಲಿ ಏನೇ ಬರಲಿ, "ಕಾನ್ವೆಂಟ್ ರಾಣಿ ಬರ್ಲಿ, ಓದ್ತಾಳೆ" ಅನ್ನುತ್ತಿದ್ದಳು.

ಆ ವರ್ಷ ಅವಳು ಹಸಿ ಅಕ್ಕಿ ತಿನ್ನಲು ಶುರುಮಾಡಿದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತರೆ ಆರಿಸಿದ್ದು ಅರ್ಧ, ಬಾಯಿಗೆ ಅರ್ಧ. ಅಕ್ಕಿ ತಿಂದವರ ಮದುವೆಗೆ ಮಳೆ ಬರುತ್ತದೆ ಎಂದು ನಮ್ಮ ಕಡೆ ಮಾತಿದೆ. "ನಿನ್ನ ಮದ್ವೆ ಮುಗೀತು, ಇನ್ನು ಮಗಳ ಮದ್ವೆ ಚಪ್ಪರ ನೆನೆಸ್ತೀಯ" ಎಂದು ನಾವೆಲ್ಲ ಕಾಡಿಸುತ್ತಿದ್ದೆವು. ಮಗಳ ಮದುವೆಯ ದಿನ ಚನ್ನರಾಯಪಟ್ಟಣದಲ್ಲಿ ನಿಜಕ್ಕೂ ನಾಲ್ಕು ಹನಿ ಬಿತ್ತು. ಎಲ್ಲರೂ ಅಕ್ಕನ ಕಡೆ ತಿರುಗಿ ನಕ್ಕರು. ಅವಳೂ ನಕ್ಕಳು, ಆಮೇಲೆ ಉಸಿರು ಸಾಲದೆ ಕುರ್ಚಿ ಹುಡುಕಿದಳು. ಅದಕ್ಕೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು.

"ಮುಟ್ಟು ನಿಂತು ನಾಲ್ಕು ವರ್ಷ ಆಗಿದೆ ಅಂತೀರಿ. ರಕ್ತ ಯಾಕೆ ಕಮ್ಮಿ ಆಗ್ಬೇಕು?" ಎಂದು ಡಾಕ್ಟರು ಕೇಳಿದ್ದರು.

"ನಾವು ಮೊಟ್ಟೆನೂ ತಿನ್ನಾಕಿಲ್ಲ ಸಾ, ಅದ್ಕೇ ಇರ್ಬೇಕು" ಎಂದಳು ಅಕ್ಕ. ಅವರು ಚೀಟಿಯಲ್ಲಿ ಮೂರು ಸಾಲು ಬರೆದರು. ಎರಡು ರಕ್ತಕ್ಕೆ, ಒಂದು ಮಲಕ್ಕೆ.

ಈ ಪದ ಬರೆಯುವಾಗಲೂ ನನ್ನ ಕೈ ಒಂದು ಕ್ಷಣ ನಿಂತಿತು. ಕಾನ್ವೆಂಟಿನಲ್ಲಿ ಅಂಥ ಮಾತು ಬಾಯಲ್ಲಿ ಬರಬಾರದಿತ್ತು. ಬೆರಳೆತ್ತಿ ತೋರಿಸಿದರೆ ಸಿಸ್ಟರ್ ತಲೆಯಾಡಿಸುತ್ತಿದ್ದರು, ಅಷ್ಟೇ. ರಕ್ತ ತೆಗೆದ ಮೇಲೆ ಹುಡುಗಿ ಬಿಳಿ ಮುಚ್ಚಳದ ಒಂದು ಪುಟ್ಟ ಡಬ್ಬಿ ಕೊಟ್ಟು, "ನಾಳೆ ಬೆಳಗ್ಗೆದು ತಂದ್ಕೊಡಿ" ಎಂದು ಗಟ್ಟಿಯಾಗಿಯೇ ಹೇಳಿದಳು. ನಾನು ಅದನ್ನು ಬ್ಯಾಗಿನಲ್ಲಿ ಕರ್ಚೀಫಿನ ಕೆಳಗೆ ತುರುಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಅದನ್ನು ತೆಗೆದು ತಿರುಗಿಸಿ ನೋಡಿದಳು. "ಇದೇನೇ ಇದು, ಮುದ್ದಾಗದೆ?"

ನಾನು ಅವಳ ಕಿವಿಯಲ್ಲಿ ಹೇಳಿದೆ.

"ಥೂ! ಅದ್ನ ಒಳೆನರಸೀಪುರದಿಂದ ಬಸ್ಸಲ್ಲಿ ಇಟ್ಕೊಂಡು ಬರ್ಲಾ? ಪಕ್ಕ ಕೂತೋರು ಎದ್ದೋಗಾಕಿಲ್ವಾ? ಕೊಡ್ಲೇಬೇಕು ಅಂತ ಬರ್ದವ್ರಾ? ನೋಡೇ."

ಸುತ್ತ ಜನ ನಿಂತಿದ್ದರು. ನಾನು ಚೀಟಿ ಬಿಡಿಸಿ ಮೂರನೇ ಸಾಲು ಓದಿದೆ.

"ರಕ್ತದಲ್ಲೇ ಎಲ್ಲ ಗೊತ್ತಾಗುತ್ತಂತೆ ಅಕ್ಕ. ಇದು ಬೇಕಾದ್ರೆ ಕೊಡೋದು" ಎಂದೆ.

ಬೇಕಾದರೆ ಎಂಬುದು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ.

ರಿಪೋರ್ಟು ಬಂತು. ಹಿಮೋಗ್ಲೋಬಿನ್ ಏಳು. ಫೆರಿಟಿನ್ ಐದು. "ಫೆರಿಟಿನ್ ಅಂದ್ರೆ ಮೈಯೊಳಗಿನ ಕಬ್ಬಿಣದ ಕಣಜ ಇದ್ದ ಹಾಗೆ. ಕಣಜ ಬರಿದಾಗಿದೆ. ಹಸಿ ಅಕ್ಕಿ ತಿನ್ನೋ ಚಪಲ ಬರೋದೂ ಅದಕ್ಕೇ" ಎಂದರು ಡಾಕ್ಟರು. "ಕಬ್ಬಿಣ ಇಲ್ಲ ಅಂತ ರಕ್ತ ಹೇಳುತ್ತೆ. ಎಲ್ಲಿ ಸೋರ್ತಿದೆ ಅಂತ ಹೇಳಲ್ಲ. ಮೂರನೇ ಟೆಸ್ಟ್ ಎಲ್ಲಮ್ಮ?"

"ಮುಂದಿನ ಸಲ ತರ್ತೀವಿ ಡಾಕ್ಟ್ರೆ." ಹೇಳಿದ್ದು ನಾನೇ.

ಮುಂದಿನ ಸಲ ಬರಲಿಲ್ಲ. ಅವರು ಕೊಟ್ಟ ಕಬ್ಬಿಣದ ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಿಗೆ ಅಕ್ಕ ತನ್ನ ಊರಿನಲ್ಲೇ ಹಿಮೋಗ್ಲೋಬಿನ್ ಒಂದನ್ನು ಮಾತ್ರ ಪರೀಕ್ಷೆ ಮಾಡಿಸಿ ಫೋನ್ ಮಾಡಿದಳು. "ಏಳಿದ್ದಿದ್ದು ಅತ್ತಾಗದೆ! ಪಾಸಾದೆ ಕಣೇ, ಕಾನ್ವೆಂಟಿಗೆ ಓಗ್ದೇನೇ!" ಬೆಳಗಿನ ಹೊತ್ತು ಕಪ್ಪಗೆ ಹೋಗುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಮಾತ್ರೆಗೆ ಹಾಗಾಗುತ್ತದಂತೆ ಎಂದೆ. ಆಗುತ್ತದೆ, ನಿಜ. ಒಳಗೆ ರಕ್ತ ಸೋರಿದರೂ ಆಗುತ್ತದೆ.

ಮರುವರ್ಷ ಚನ್ನರಾಯಪಟ್ಟಣದಲ್ಲಿ ಮಗಳ ಸೀಮಂತ. ಅಡುಗೆಮನೆಯ ಮೂಲೆಯಲ್ಲಿ ಮೊರ ಹಿಡಿದು ಕೂತಿದ್ದ ಅಕ್ಕನ ಕೆನ್ನೆ ಮೆಲ್ಲಗೆ ಆಡುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿದಳು. ತುಟಿಯ ಅಂಚಿನಲ್ಲಿ ಅಕ್ಕಿಯ ನುಚ್ಚು ಅಂಟಿತ್ತು. ಈ ಸಲ ಯಾರೂ ಮಳೆಯ ಮಾತಾಡಲಿಲ್ಲ, ನೋಡಿದವಳು ನಾನೊಬ್ಬಳೇ.

ಮತ್ತೆ ಹಾಸನಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ ಕರುಳಿನಲ್ಲಿ ಗಡ್ಡೆ ಇತ್ತು. ಪಿತ್ತಜನಕಾಂಗಕ್ಕೂ ಹರಡಿತ್ತು. ಅವತ್ತೇ ಆ ಮೂರನೇ ಟೆಸ್ಟ್ ಕೊಟ್ಟಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಅವರು ಕಾಗದಗಳನ್ನು ಜೋಡಿಸುತ್ತಾ, "ಹೇಳಕ್ಕಾಗಲ್ಲಮ್ಮ" ಎಂದರು. ಅದು ಕರುಣೆಯೆಂದು ನನಗೆ ಗೊತ್ತಿದೆ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಕಾಲೊತ್ತುತ್ತಾ ಹೇಳಿಬಿಟ್ಟೆ. "ಅಕ್ಕ, ಆ ಚೀಟಿಯಲ್ಲಿ ಬೇಕಾದ್ರೆ ಅಂತ ಇರ್ಲಿಲ್ಲ."

ಅವಳು ಕಣ್ಣು ತೆರೆಯಲಿಲ್ಲ. "ಗೊತ್ತಿತ್ತು ಬುಡೇ. ನಿಂಗೆ ಸುಳ್ಳು ಏಳಾಕೆ ಎಲ್ಲಿ ಬತ್ತದೆ, ಮುಖನೇ ಕೆಂಪಗಾಗಿತ್ತು. ನಂಗೂ ಅದೇ ಬೇಕಾಗಿತ್ತು."

ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಅವಳು ಹೋದ ಹನ್ನೊಂದನೆಯ ದಿನ, ಹೊಳೆನರಸೀಪುರದ ಅವಳ ಅಡುಗೆಮನೆಯಲ್ಲಿ ಪಾಯಸಕ್ಕೆ ಏಲಕ್ಕಿ ಹುಡುಕುತ್ತಿದ್ದೆ. ಕಾಫಿಪುಡಿ ಡಬ್ಬದ ಹಿಂದೆ ಸಿಕ್ಕಿತು, ಬಿಳಿ ಮುಚ್ಚಳದ ಆ ಪುಟ್ಟ ಡಬ್ಬಿಯಲ್ಲಿ. ಹೊಸ ಡಬ್ಬಿ, ಎಸೆಯಲು ಮನಸ್ಸು ಬಂದಿರಲಿಲ್ಲ ಅವಳಿಗೆ. ಡಬ್ಬಿಗೆ ಅಂಟಿಸಿದ ಲ್ಯಾಬಿನ ಚೀಟಿ ಹಾಗೇ ಇತ್ತು. ಹೆಸರು, ವಯಸ್ಸು ಬರೆಯುವ ಗೆರೆಗಳು ಖಾಲಿ.

ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ಅಕ್ಕನ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅದೇನ್ ಚಿಕ್ಕಮ್ಮ, ಹಂಗೆ ಹಿಡ್ಕೊಂಡು ನಿಂತಿದ್ದೀರಾ? ಯಾವ್ ಡಬ್ಬಿ ಅದು?"

ನನ್ನ ಮುಖ ಬಿಸಿಯಾಯಿತು.

"ಏಲಕ್ಕಿದು ಕಣೇ" ಎಂದೆ.